ಕಾಣದವನ ಉಡುಪು

ವೇಷ ಹಾಕುವುದರಲ್ಲಿ ಎರಡು ಬಗೆಯುಂಟು. ನಾಲ್ಕು ಜನರ ಕಣ್ಣು ತನ್ನ ಮೇಲೆ ನೆಡಲೆಂದು ಹಾಕುವ ವೇಷ ಒಂದು. ಯಾರ ಕಣ್ಣೂ ತನ್ನ ಮೇಲೆ ನಿಲ್ಲದಿರಲೆಂದು ಹಾಕುವ ವೇಷ ಇನ್ನೊಂದು. ಯಕ್ಷಗಾನದ ಕಿರೀಟ, ಭುಜಕೀರ್ತಿಗಳು ಮೊದಲನೆಯ ಬಗೆಗೆ ಸೇರಿದುವು. ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತ ಭೀಮನ ವೇಷ ಎರಡನೆಯ ಬಗೆಯದು. ಮೊದಲನೆಯದು ಕಣ್ಣಿಗೆ ಬೀಳದಿದ್ದರೆ ಸೋತಿತು. ಎರಡನೆಯದು ಕಣ್ಣಿಗೆ ಬಿದ್ದರೆ ಸೋತಿತು. ಒಂದಕ್ಕೊಂದು ಹೀಗೆ ಎದುರಾದ ಈ ಎರಡು ಬಗೆಗಳೂ ಒಂದೇ ಉಡುಪಿನಲ್ಲಿ ಕೂಡಿಕೊಂಡಿರುವ ವಿಚಿತ್ರವನ್ನು ನೋಡಬೇಕಾದರೆ ಜಪಾನಿನ ನಿಂಜಾನ ಕಡೆಗೆ ತಿರುಗಬೇಕು. ಮೈಯೆಲ್ಲ ಕಪ್ಪು, ಮುಖಕ್ಕೆ ಮುಸುಕು, ಕಣ್ಣೆರಡು ಮಾತ್ರ ಬಯಲು. ಜಗತ್ತಿನ ಯಾವ ಮೂಲೆಯ ಮಗುವೂ ಈ ಆಕೃತಿಯನ್ನು ಕಂಡೊಡನೆ ಗುರುತಿಸಬಲ್ಲುದು. ಯಾರೂ ಗುರುತಿಸಬಾರದೆಂದು ಹುಟ್ಟಿದವನನ್ನು ಎಲ್ಲರೂ ಗುರುತಿಸುವಂತಾದುದು ಹೇಗೆ? ಅಂಥ ಉಡುಪನ್ನು ಮೊದಲ ಸಲ ಹೊಲಿಯಹೊರಟವರು ಈ ಪ್ರಶ್ನೆಯನ್ನು ದಾಟಿಯೇ ಹೋಗಬೇಕಾಗುತ್ತದೆ.

ಕಥೆಯ, ಚಲಚ್ಚಿತ್ರದ, ಚಿತ್ರಕಥೆಯ ಪಾತ್ರಗಳಂತೆ ಉಡುಪು ತೊಟ್ಟು ಒಂದೆಡೆ ಕೂಡುವ ಹವ್ಯಾಸಕ್ಕೆ ಇಂದು ಲೋಕವೆಲ್ಲ ‘ಕಾಸ್ಪ್ಲೇ’ ಎಂದು ಹೆಸರಿಟ್ಟಿದೆ. ಇಂಗ್ಲಿಷಿನ ಎರಡು ಪದಗಳನ್ನು ಕತ್ತರಿಸಿ ಜಪಾನೀಯರು ತಮ್ಮ ನಾಲಗೆಗೆ ಒಗ್ಗುವಂತೆ ಬೆಸೆದ ಮಾತು ಇದು. 1983ರಲ್ಲಿ ‘ಮೈ ಅನಿಮೆ’ ಎಂಬ ಪತ್ರಿಕೆಯಲ್ಲಿ ನೊಬುಯುಕಿ ತಕಹಾಶಿ ಎಂಬುವರು ಇದನ್ನು ಬಳಕೆಗೆ ತಂದರು. ಹೆಸರು ಹೊಸದಾದರೂ ಹವ್ಯಾಸ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಜ್ಞಾನಕಥೆಗಳ ಮೊದಲ ವಿಶ್ವ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಎಂಬ ಓದುಗ, ಮರ್ಟಲ್ ಡಗ್ಲಸ್ ಎಂಬ ಗೆಳತಿ ತಾನೇ ಹೊಲಿದುಕೊಟ್ಟ ಭವಿಷ್ಯಕಾಲದ ಉಡುಪನ್ನು ತೊಟ್ಟು ಬಂದಿದ್ದನು. ಆಕೆಯೂ ಅಂಥದೇ ಉಡುಪಿನಲ್ಲಿ ಬಂದಿದ್ದಳು. ಟೋಕಿಯೋ ನಗರದಲ್ಲಿ 1975ರ ಡಿಸೆಂಬರಿನಲ್ಲಿ ಆರಂಭವಾದ ‘ಕಾಮಿಕ್ ಮಾರ್ಕೆಟ್’ ಎಂಬ ಓದುಗರ ಸಂತೆ ಈ ಹವ್ಯಾಸಕ್ಕೆ ತವರಾಯಿತು. 2003ರಿಂದ ನಗೋಯಾ ನಗರದಲ್ಲಿ ಇದರ ಜಾಗತಿಕ ಮೇಳವೂ ಸೇರುತ್ತಿದೆ. ನಮ್ಮ ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿಯೂ ವರ್ಷವರ್ಷ ನೂರಾರು ತರುಣ ತರುಣಿಯರು ಹೀಗೆ ವೇಷ ಕಟ್ಟಿ ನಲಿಯುತ್ತಾರೆ.

ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಗೆ ಹೋಗುವ ಆಸೆಯಿಂದ ಒಂದು ದಿನ ನನ್ನ ಮೇಜಿನ ಬಳಿ ಬಂದು ನಿಂತಳು. ಮಿತಭಾಷಿ; ಹಾಜರಿ ಕೂಗಿದಾಗಲೂ ಅರ್ಧ ದನಿಯಲ್ಲಿ ಉತ್ತರಿಸುವವಳು. ತಾಯಿ ಮನೆಯಲ್ಲಿ ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಚ್ಚಿ ಸಂಸಾರ ನಡೆಸುವಾಕೆ. “ಸಾರ್, ನಿಂಜಾಗಳು ನಿಜವಾಗ್ಲೂ ಕಪ್ಪು ಬಟ್ಟೇನೇ ಹಾಕ್ತಿದ್ರಾ?” ಎಂದು ಆಕೆ ಕೇಳಿದಳು. ನಾಟ್ಯಶಾಸ್ತ್ರದ ಆಹಾರ್ಯಾಭಿನಯವನ್ನು, ಎಂದರೆ ಉಡುಗೆ ತೊಡುಗೆಗಳಿಂದ ಅರ್ಥವನ್ನು ಮುಟ್ಟಿಸುವ ಬಗೆಯನ್ನು, ಅದೇ ವಾರ ತರಗತಿಯಲ್ಲಿ ವಿವರಿಸಿದ್ದೆನಾದುದರಿಂದ ಈ ಪ್ರಶ್ನೆ ನನಗೆ ಹೊರಗಿನದೆಂದು ತೋರಲಿಲ್ಲ. ಓದಿ ನೋಡೋಣವೆಂದೆ. ಓದಿದಷ್ಟೂ ಪ್ರಶ್ನೆ ಬೆಳೆಯಿತು.

ಏಳು ವೇಷಗಳು

ನಿಂಜಾ ಎಂಬ ಮಾತು ಜನಪ್ರಿಯವಾದುದು ಇಪ್ಪತ್ತನೆಯ ಶತಮಾನದಲ್ಲಿ. ಹಿಂದಿನವರು ಅದೇ ಲಿಪಿಚಿಹ್ನೆಗಳನ್ನು ‘ಶಿನೊಬಿ’ ಎಂದು ಓದುತ್ತಿದ್ದರು. ಜಪಾನಿನ ನಡುಭಾಗದಲ್ಲಿ, ಇಂದಿನ ಮಿಯೆ ಪ್ರಾಂತಕ್ಕೆ ಸೇರಿದ ಇಗಾ, ನೆರೆಯ ಶಿಗಾ ಪ್ರಾಂತಕ್ಕೆ ಸೇರಿದ ಕೋಕಾ—ಈ ಎರಡು ಗುಡ್ಡಗಾಡು ಸೀಮೆಗಳು ಶಿನೊಬಿಗಳ ನೆಲೆ. ಅಲ್ಲಿನ ಸಣ್ಣ ಹಿಡುವಳಿದಾರರು ದೊಡ್ಡ ದೊರೆಗಳ ಹಂಗಿಲ್ಲದೆ ತಮ್ಮ ತಮ್ಮಲ್ಲೇ ಕೂಟ ಕಟ್ಟಿಕೊಂಡು ಬಾಳುತ್ತಿದ್ದರು. ಯುದ್ಧಗಳ ಕಾಲದಲ್ಲಿ ಬೇಹು, ರಾತ್ರಿಯ ದಾಳಿ, ಕೋಟೆಯೊಳಗೆ ನುಸುಳುವಿಕೆ ಮೊದಲಾದ ಕೆಲಸಗಳಿಗೆ ಇಂಥವರನ್ನು ಕೂಲಿಗೆ ಕರೆಯುವುದಿತ್ತು. 1579ರಲ್ಲಿ ಓಡ ನೊಬುನಾಗನ ಮಗ ಇಗಾ ಸೀಮೆಯ ಮೇಲೆ ಏರಿಹೋಗಿ ಸೋತು ಹಿಂದಿರುಗಿದನು. 1581ರಲ್ಲಿ ನೊಬುನಾಗನೇ ಭಾರಿ ಸೇನೆಯನ್ನು ನುಗ್ಗಿಸಿ ಆ ಸೀಮೆಯನ್ನು ಸುಟ್ಟು ಸೂರೆಗೊಂಡನು. ಆ ಮೇಲೆ ಅಳಿದುಳಿದವರಲ್ಲಿ ಕೆಲವರು ತೊಕುಗಾವ ದೊರೆಗಳ ಊಳಿಗಕ್ಕೆ ಸೇರಿ ಎದೋ ಕೋಟೆಯ ಕಾವಲುಗಾರರಾದರು.

ನಾಡಿನಲ್ಲಿ ಶಾಂತಿ ನೆಲಸಿ, ವಿದ್ಯೆ ಮರೆತುಹೋದೀತೆಂಬ ಅಂಜಿಕೆ ಹುಟ್ಟಿದಾಗ ಅದರ ಶಾಸ್ತ್ರಗ್ರಂಥಗಳು ಹುಟ್ಟಿದುವು. 1676ರಲ್ಲಿ ಇಗಾ ಸೀಮೆಯ ಫುಜಿಬಯಾಶಿ ಮನೆತನದವನೊಬ್ಬ ಸಂಕಲಿಸಿದ ‘ಬನ್‌ಸೆನ್‌ಶುಕಾಯ್’ ಇವುಗಳಲ್ಲಿ ಬಹು ದೊಡ್ಡದು. 1681ರಲ್ಲಿ ನತೋರಿ ಮನೆತನದವನೊಬ್ಬ ಬರೆದ ‘ಶೋನಿಂಕಿ’ ಚಿಕ್ಕದಾದರೂ ಬಹು ಸ್ವಾರಸ್ಯವಾದುದು. ಎರಡೂ ಈಗ ಇಂಗ್ಲಿಷಿನಲ್ಲಿ ದೊರೆಯುತ್ತವೆ. ಮೊದಲನೆಯ ಗ್ರಂಥ ಈ ವಿದ್ಯೆಯನ್ನು ಎರಡು ಕವಲಾಗಿ ಒಡೆಯುತ್ತದೆ. ಕತ್ತಲೆಯಲ್ಲಿ ಅಡಗಿ ಒಳನುಗ್ಗುವುದು ಒಂದು. ಹಾಡುಹಗಲಿನಲ್ಲಿ, ಎಲ್ಲರೂ ನೋಡುತ್ತಿರುವಂತೆಯೇ, ಬೇರೊಬ್ಬನಾಗಿ ನಡೆದು ಹೋಗುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದ ಏಳು ವೇಷಗಳನ್ನು ‘ಶೋನಿಂಕಿ’ ಪಟ್ಟಿ ಮಾಡಿದೆ. ಬುಟ್ಟಿಯಂಥ ಟೋಪಿಯಲ್ಲಿ ಮುಖ ಮರೆಸಿ ಕೊಳಲೂದುವ ಭಿಕ್ಷುಕ, ಬೌದ್ಧ ಸಂನ್ಯಾಸಿ, ಬೆಟ್ಟದ ತಪಸ್ವಿ, ವರ್ತಕ, ಬೀದಿಯಲ್ಲಿ ಕಣ್ಕಟ್ಟು ತೋರಿಸುವವನು, ನಾಟಕದವನು, ಕಡೆಗೆ ಯಾವ ವಿಶೇಷವೂ ಇಲ್ಲದ ಸಾಮಾನ್ಯ ಮನುಷ್ಯ. ಕಪ್ಪು ಮುಸುಕಿನವನು ಈ ಏಳರಲ್ಲಿ ಎಲ್ಲಿಯೂ ಇಲ್ಲ.

ಈ ಪಟ್ಟಿಯನ್ನು ಓದುವಾಗ ನಮ್ಮವರಿಗೆ ಕೌಟಿಲ್ಯನ ನೆನಪು ಬಾರದೆ ಇರದು. ಕಪಟ ಶಿಷ್ಯ, ವ್ರತಭ್ರಷ್ಟ ಸಂನ್ಯಾಸಿ, ಬೇಸಾಯಗಾರ, ವ್ಯಾಪಾರಿ, ತಪಸ್ವಿ—ಇವು ಅರ್ಥಶಾಸ್ತ್ರದಲ್ಲಿ ಗೂಢಚಾರರಿಗೆ ಹೇಳಿರುವ ಐದು ವೇಷಗಳು. ಕಾಲದೇಶಗಳಿಂದ ದೂರವಾದ ಎರಡು ಗ್ರಂಥಗಳು ಒಂದೇ ತೀರ್ಮಾನಕ್ಕೆ ಬಂದಿವೆ: ಮರೆಯಾಗಲು ತಕ್ಕ ಜಾಗ ಜನರ ನಡುವೆಯೇ ಇದೆ. ಅರ್ಥಶಾಸ್ತ್ರವನ್ನು 1909ರಲ್ಲಿ ಮೊದಲು ಅಚ್ಚಿಗೆ ತಂದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಮಹಾಭಾರತವೂ ಇದನ್ನೇ ಬಲ್ಲುದು. ಅಜ್ಞಾತವಾಸಕ್ಕೆಂದು ಪಾಂಡವರು ಆರಿಸಿಕೊಂಡುದು ಕತ್ತಲೆಯ ಗವಿಯನ್ನಲ್ಲ, ಅರಮನೆಯನ್ನು. ಬಾಣಸಿಗ, ನಾಟ್ಯದ ಗುರು, ಕುದುರೆ ನೋಡುವವನು, ಗೋವು ಕಾಯುವವನು—ಎಲ್ಲರೂ ಕಂಡೂ ಕಾಣದ ಕೆಲಸಗಾರರಾಗಿ ಅವರು ಒಂದು ವರ್ಷವನ್ನು ಕಳೆದರು.

ಕಪ್ಪು ಎಲ್ಲಿಂದ ಬಂತು?

ಹಾಗಾದರೆ ಆ ಕಪ್ಪು ಮುಸುಕು ಎಲ್ಲಿಂದ ಬಂತು? ರಂಗಭೂಮಿಯಿಂದ ಬಂತೆಂಬುದು ಈ ವಿಷಯವನ್ನು ಅಭ್ಯಸಿಸಿದ ಹಲವರ ಅಭಿಪ್ರಾಯ. ಜಪಾನಿನ ಕಬುಕಿ ನಾಟಕದಲ್ಲಿ ‘ಕುರೊಕೊ’ ಎಂಬ ಸಹಾಯಕರುಂಟು. ಆಟ ನಡೆಯುತ್ತಿರುವಾಗಲೇ ರಂಗದ ಮೇಲೆ ಬಂದು ಸಾಮಾನುಗಳನ್ನು ಇರಿಸುವುದು, ತೆಗೆಯುವುದು, ಪಾತ್ರಧಾರಿಯ ಮೇಲುಡುಪನ್ನು ಕಳಚಿಕೊಳ್ಳುವುದು ಅವರ ಕೆಲಸ. ಅಡಿಯಿಂದ ಮುಡಿಯವರೆಗೆ ಅವರದು ಕಪ್ಪು ಬಟ್ಟೆ. ಮುಖದ ಮೇಲೂ ಕಪ್ಪು ತೆರೆ. ಅಲ್ಲಿಯ ರಂಗದಲ್ಲಿ ಕಪ್ಪು ಎಂದರೆ ‘ಇಲ್ಲಿ ಏನೂ ಇಲ್ಲ’ ಎಂದರ್ಥ. ಹಿಮದ ದೃಶ್ಯದಲ್ಲಿ ಅದೇ ಸಹಾಯಕರು ಬಿಳಿಯನ್ನೂ ಸಮುದ್ರದ ದೃಶ್ಯದಲ್ಲಿ ನೀಲಿಯನ್ನೂ ತೊಡುವುದುಂಟು. ಬುನ್‌ರಾಕು ಎಂಬ ಸೂತ್ರವಿಲ್ಲದ ಗೊಂಬೆಯಾಟದಲ್ಲಿ ಒಂದೊಂದು ಗೊಂಬೆಯನ್ನು ಮೂವರು ಹಿಡಿದು ಆಡಿಸುತ್ತಾರೆ. ಕಣ್ಣೆದುರಿಗೇ ಇರುವ ಆ ಕಪ್ಪು ಮುಸುಕಿನವರು ಸ್ವಲ್ಪ ಹೊತ್ತಿನಲ್ಲಿ ನೋಡುವವರ ಮನಸ್ಸಿನಿಂದ ಕರಗಿಹೋಗುತ್ತಾರೆ.

ಭರತನು ನಾಟ್ಯದ ರೀತಿಯನ್ನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡಾಗಿ ವಿಂಗಡಿಸಿದ್ದಾನೆ. ಲೋಕದಲ್ಲಿ ಇದ್ದಂತೆಯೇ ತೋರಿಸುವುದು ಲೋಕಧರ್ಮಿ. ರಂಗಕ್ಕೆಂದು ನಟನೂ ಪ್ರೇಕ್ಷಕನೂ ಒಪ್ಪಿಕೊಂಡ ಕಟ್ಟಳೆಗಳು ನಾಟ್ಯಧರ್ಮಿ. ಪಕ್ಕದಲ್ಲಿ ನಿಂತ ಪಾತ್ರಕ್ಕೆ ಕೇಳಿಸದ ಸ್ವಗತ ದೂರದ ಪ್ರೇಕ್ಷಕನಿಗೆ ಕೇಳಿಸುವುದು ಎರಡನೆಯದಕ್ಕೆ ಉದಾಹರಣೆ. ಯಕ್ಷಗಾನದ ಒಡ್ಡೋಲಗದಲ್ಲಿ ತೆರೆ ಹಿಡಿದು ನಿಂತ ಇಬ್ಬರನ್ನು ನಾವು ಕಾಣುವುದೇ ಇಲ್ಲ. ತೆರೆಯ ಮೇಲಂಚಿನಲ್ಲಿ ಮಿನುಗುವ ಕಿರೀಟವನ್ನು ಮಾತ್ರ ಕಾಣುತ್ತೇವೆ. ಕುರೊಕೊ ಇದೇ ಜಾತಿಗೆ ಸೇರಿದವನು. ಪ್ರೇಕ್ಷಕನು ಕಾಣುವುದಿಲ್ಲವೆಂದು ಮಾತು ಕೊಟ್ಟಿರುವ ಆ ಕಪ್ಪು ಬಟ್ಟೆಯನ್ನು ಶಿನೊಬಿಗೆ ತೊಡಿಸಿದರೆ, ‘ಇವನು ಯಾರಿಗೂ ಕಾಣದವನು’ ಎಂದು ಬಾಯಿಬಿಟ್ಟು ಹೇಳದೆಯೇ ತಿಳಿಸಿದಂತಾಯಿತು.

ರಂಗದಿಂದ ಅದು ಚಿತ್ರಕ್ಕೆ ನಡೆಯಿತು. 1817ರಲ್ಲಿ ಪ್ರಕಟವಾದ ಹೊಕುಸಾಯ್‌ನ ರೇಖಾಚಿತ್ರ ಸಂಪುಟವೊಂದರಲ್ಲಿ ಕಪ್ಪುಡುಪಿನವನೊಬ್ಬ ಹಗ್ಗ ಹಿಡಿದು ಮೇಲೇರುವ ಚಿತ್ರವಿದೆ. ಚಿತ್ರದಿಂದ ಮಕ್ಕಳ ಅಗ್ಗದ ಪುಸ್ತಕಗಳಿಗೆ, ಅಲ್ಲಿಂದ ಚಲಚ್ಚಿತ್ರಕ್ಕೆ ಅದು ದಾಟಿತು. 1962ರಲ್ಲಿ ಸತ್ಸುವೊ ಯಮಾಮೊಟೊ ನಿರ್ದೇಶಿಸಿದ ‘ಶಿನೊಬಿ ನೊ ಮೊನೊ’ ಜಪಾನಿನಲ್ಲಿ ಜನಪ್ರಿಯವಾಯಿತು; 1967ರ ಜೇಮ್ಸ್ ಬಾಂಡ್ ಚಿತ್ರ ನಿಂಜಾಗಳನ್ನು ಪಶ್ಚಿಮದ ಪ್ರೇಕ್ಷಕರ ಮುಂದೆ ನಿಲ್ಲಿಸಿತು. ನಮ್ಮ ಮಕ್ಕಳು ಟೆಲಿವಿಷನ್ನಿನಲ್ಲಿ ಕಂಡು ಮೆಚ್ಚಿದ ಹಟ್ಟೋರಿ 1964ರಲ್ಲಿ ಆರಂಭವಾದ ಚಿತ್ರಕಥೆಯೊಂದರ ನಾಯಕ. 1999ರಿಂದ 2014ರವರೆಗೆ ವಾರವಾರವೂ ಬಂದ ಮಸಾಶಿ ಕಿಶಿಮೊಟೊ ಅವರ ‘ನರುಟೊ’ದ ನಾಯಕನಂತೂ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಅರಚುತ್ತ ಓಡಾಡುತ್ತಾನೆ. ಅಡಗುವ ವಿದ್ಯೆಗೆ ಇದಕ್ಕಿಂತ ದೂರವಾದ ಬಣ್ಣ ಇನ್ನೊಂದಿಲ್ಲ. ಆದರೂ ಯಾವ ಓದುಗನೂ ಇದನ್ನು ಆಕ್ಷೇಪಿಸಲಿಲ್ಲ. ಕಟ್ಟಳೆ ಅಷ್ಟರಮಟ್ಟಿಗೆ ಬೇರೂರಿತ್ತು.

ಇಷ್ಟನ್ನೂ ಹೇಳಿದಾಗ ನನ್ನ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಿಜವಾದ ನಿಂಜಾ ಉಡುಪು ಹೊಲಿದ್ರೆ ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋ ಹಾಗೆ ಹೊಲಿದ್ರೆ ನಿಜ ಆಗಲ್ಲ. ಅಲ್ವಾ ಸಾರ್?” ಎಂದಳು. ಕಾವ್ಯದಲ್ಲಿ ಸತ್ಯವೆಂದರೇನೆಂಬುದನ್ನು ಕುರಿತು ನಾನು ಮಾಡಿದ್ದ ಪಾಠಗಳ ಸಾರವೆಲ್ಲ ಈ ಎರಡು ವಾಕ್ಯಗಳಲ್ಲಿತ್ತು. ಅಂಗಡಿಯಲ್ಲಿ ದೊರೆಯುವ ಹೊಳೆಯುವ ಸಿದ್ಧ ಉಡುಪನ್ನು ಕೊಂಡುಬಿಟ್ಟಿದ್ದರೆ ಈ ತೊಡಕು ಆಕೆಗೆ ಎದುರಾಗುತ್ತಿರಲಿಲ್ಲ. ತಾನೇ ಹೊಲಿಯಬೇಕೆಂದು ಹೊರಟುದರಿಂದ ಎದುರಾಯಿತು.

ಬಟ್ಟೆ, ಬಣ್ಣ, ಕತ್ತರಿ

ತೊಡಕು ಬಿಡಿಸುವ ಎಳೆ ಬಟ್ಟೆಯಲ್ಲೇ ಸಿಕ್ಕಿತು. ಶಿನೊಬಿಗಳ ಕೆಲಸದ ಉಡುಪೆಂದು ಇಂದು ಇಗಾ ಪಟ್ಟಣದ ಸಂಗ್ರಹಾಲಯದವರೂ ಅಭ್ಯಾಸಿಗಳೂ ತೋರಿಸುವುದು ಆ ಸೀಮೆಯ ರೈತರ ಹೊಲದ ಉಡುಪಿಗೆ ಹತ್ತಿರವಾದುದು. ಬಣ್ಣ ಕಡುಗಪ್ಪಲ್ಲ, ನೀಲಿಗಿಡದ ರಸದಲ್ಲಿ ಮತ್ತೆ ಮತ್ತೆ ಅದ್ದಿದ ಕಡುನೀಲಿ, ಅಥವಾ ಕಂದು. ಅಪ್ಪಟ ಕಪ್ಪು ಇರುಳಿನಲ್ಲಿ ಒಂದು ಆಕಾರವಾಗಿ ಎದ್ದು ಕಾಣುತ್ತದೆ. ಕಡುನೀಲಿ ಇರುಳಿನೊಳಗೆ ಬೆರೆತುಹೋಗುತ್ತದೆ. ಅದೂ ಅಲ್ಲದೆ ನೀಲಿಯ ಹೊಲದ ಅಂಗಿ ತೊಟ್ಟವನನ್ನು ಹಗಲಿನಲ್ಲಿ ಹಿಡಿದು ಕೇಳಿದರೂ ಅವನು ರೈತನೇ. ಆದುದರಿಂದ ಬಣ್ಣ ಕಡುನೀಲಿ, ಕತ್ತರಿಕೆ ಹೊಲದ ಅಂಗಿಯದು, ಮುಸುಕು ಮಾತ್ರ ರಂಗಭೂಮಿಯದು ಎಂದು ಆಕೆ ನಿರ್ಧರಿಸಿದಳು. ಮುಂದಿನ ಕೆಲಸ ತಾಯಿಯ ಹೊಲಿಗೆಯಂತ್ರದ ಮುಂದೆ ನಡೆಯಿತು. ಮೊದಲ ಸಲ ಹೊಲಿಯುವವರಿಗೆ ಉಪಯೋಗವಾದೀತೆಂದು ನಾನು ಕಂಡಷ್ಟನ್ನು ಇಲ್ಲಿ ಬರೆಯುತ್ತೇನೆ.

110 ಸೆಂಟಿಮೀಟರು ಅಗಲದ ಹತ್ತಿಯ ಬಟ್ಟೆ 6 ಮೀಟರು ಬೇಕಾಯಿತು: ಅಂಗಿಗೆ ಎರಡು, ಷರಾಯಿಗೆ ಎರಡು, ಉಳಿದುದಕ್ಕೆಲ್ಲ ಎರಡು. ಹತ್ತಿಯೇ ಆಗಬೇಕು. ಜನ ತುಂಬಿದ ಸಭಾಂಗಣದಲ್ಲಿ ದಿನವೆಲ್ಲ ಮುಸುಕು ಹಾಕಿ ತಿರುಗುವವರಿಗೆ ಪಾಲಿಯೆಸ್ಟರು ಶಿಕ್ಷೆಯಾಗುತ್ತದೆ. ಅದರ ಹೊಳಪು ಹೊಲದ ಬಟ್ಟೆಗೆ ಸಲ್ಲುವುದೂ ಇಲ್ಲ. ಕತ್ತರಿ ಮುಟ್ಟಿಸುವ ಮೊದಲು ಬಟ್ಟೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ ಒಣಗಿಸಿದರು. ಕುಗ್ಗುವಷ್ಟು ಕುಗ್ಗಿತು, ಬಿಡುವ ಬಣ್ಣ ಬಿಟ್ಟಿತು. ಅನಂತರ ತಾಯಿ, “ಮೊದಲು ಹಳೇ ಹಾಸುಬಟ್ಟೇಲಿ ಕತ್ತರಿಸಿ ನೋಡೇ, ತಪ್ಪಿದ್ರೆ ಅದರಲ್ಲೇ ತಪ್ಪಲಿ” ಎಂದರು. ಹೊಸಬರು ಕಲಿಯಬೇಕಾದ ಮೊದಲ ಪಾಠ ಇದೇ ಇರಬೇಕು.

ಜಪಾನಿನ ಅಂಗಿಯ ಕತ್ತರಿಕೆ ನಮ್ಮ ರವಿಕೆಯದಕ್ಕಿಂತ ಬಹು ಸುಲಭ. ಅಲ್ಲಿ ಮಗ್ಗದ ಬಟ್ಟೆಯ ಅಗಲ ಸುಮಾರು 36ರಿಂದ 38 ಸೆಂಟಿಮೀಟರು ಮಾತ್ರ. ಅದನ್ನು ನೇರವಾದ ಪಟ್ಟಿಗಳಾಗಿ ಕತ್ತರಿಸಿ ಜೋಡಿಸುತ್ತಾರೆ. ಬಾಗು ಬಳುಕು ಕಡಮೆ, ಚೂರು ಪಾರು ಉಳಿಯುವುದೂ ಕಡಮೆ. ಎದೆಯ ಸುತ್ತಳತೆಗೆ 20 ಸೆಂಟಿಮೀಟರು ಸಡಿಲ ಸೇರಿಸಿ, ಅದರ ಅರ್ಧದಷ್ಟು ಅಗಲಕ್ಕೆ ಬೆನ್ನಿನ ಭಾಗವನ್ನು ಕತ್ತರಿಸಬೇಕು. 84 ಸೆಂಟಿಮೀಟರಿನ ಎದೆಗೆ ಬೆನ್ನು 52. ಹೊಲಿಗೆಗೆ 3 ಹೆಚ್ಚು. ಮುಂಭಾಗದ ಎರಡು ತುಂಡುಗಳು ಒಂದರ ಮೇಲೊಂದು ಬರಬೇಕಾದುದರಿಂದ ಒಂದೊಂದೂ 38. ಕುತ್ತಿಗೆಯಿಂದ ಸೊಂಟದವರೆಗೆ ಓರೆಯಾಗಿ ಕತ್ತರಿಸಿ, ಆ ಓರೆಗೆ ಉದ್ದನೆಯ ಕೊರಳಪಟ್ಟಿಯನ್ನು ಹಚ್ಚಿದರೆ ಅಂಗಿಗೆ ಅದರ ಮುಖ ಬಂದಂತೆ. ತೋಳು ಬರಿಯ ಕೊಳವೆ. ಭುಜದ ಬಳಿ ದುಂಡಗೆ ಕೊರೆಯುವ ಕಷ್ಟವಿಲ್ಲ. “ಇದೇನು ಮೇಷ್ಟ್ರೇ, ನಮ್ಮ ಜುಬ್ಬಾನ ಮುಂದೆ ಸೀಳಿದ ಹಾಗಿದೆ ಅಷ್ಟೆ” ಎಂದು ಆ ತಾಯಿ ನಕ್ಕರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೊಟ್ಟವರ ಎಡಭಾಗ ಯಾವಾಗಲೂ ಮೇಲೆ ಬರಬೇಕು; ಗಂಡಾಗಲಿ ಹೆಣ್ಣಾಗಲಿ ಜಪಾನಿನಲ್ಲಿ ಇದೇ ನಿಯಮ. ಬಲಭಾಗವನ್ನು ಮೇಲೆ ತಂದು ಉಡಿಸುವುದು ಶವಕ್ಕೆ. ಹೊರನಾಡಿನ ಹವ್ಯಾಸಿಗಳು ಮೊದಲು ಎಡವುವುದು ಇಲ್ಲಿಯೇ. ಇನ್ನೊಬ್ಬರ ಉಡುಪನ್ನು ತೊಡುವವರು ಅವರ ಮಂಗಳ ಅಮಂಗಳಗಳನ್ನು ತಿಳಿದು ತೊಡುವುದು ಮರ್ಯಾದೆ.

ಷರಾಯಿಗೆ ಬಟ್ಟೆಯ ಪೂರ್ತಿ ಅಗಲವೇ ಒಂದು ಕಾಲಾಯಿತು. ಸೊಂಟದಿಂದ ಹಿಮ್ಮಡಿಯವರೆಗಿನ ಉದ್ದಕ್ಕೆ ಲಾಡಿಯ ಮಡಿಕೆಗೆಂದು 8 ಸೆಂಟಿಮೀಟರು ಕೂಡಿಸಿದರೆ ಸಾಕು. ಎರಡು ಕಾಲುಗಳು ಸೇರುವಲ್ಲಿ ಗೇಣಗಲದ ಚಚ್ಚೌಕ ತುಂಡೊಂದನ್ನು ಓರೆಯಾಗಿ ಕೂರಿಸಬೇಕು. ಕುಕ್ಕರಗಾಲಿನಲ್ಲಿ ಕೂತರೂ, ಗೋಡೆ ಹತ್ತಿದರೂ ಬಟ್ಟೆ ಹರಿಯದಿರುವ ಗುಟ್ಟು ಆ ತುಂಡಿನಲ್ಲಿದೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವನಿಗೂ ಇದೇ ಅನುಕೂಲ ಬೇಕು. ತೊಡೆಯ ಬಳಿ ಅಗಲವಾದ ಈ ಷರಾಯಿಯನ್ನು ಮೊಣಕಾಲಿನ ಕೆಳಗೆ ‘ಕ್ಯಾಹನ್’ ಎಂಬ ಪಟ್ಟಿಯಿಂದ ಬಿಗಿಯಬೇಕು. ಹಿಂದೆ ನಮ್ಮ ಪೊಲೀಸಿನವರು ಕಾಲಿಗೆ ಸುತ್ತುತ್ತಿದ್ದ ಪಟ್ಟಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಮುಂಗೈಗೆ ‘ತೆಕ್ಕೊ’ ಎಂಬ ಕವಚವುಂಟು. ಅದರ ತುದಿಯ ಕುಣಿಕೆಯನ್ನು ನಡುಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕಾಲಿಗೆ, ಹೆಬ್ಬೆರಳು ಬೇರೆಯಾದ ‘ತಬಿ’ ಎಂಬ ಚೀಲ. ಇದಕ್ಕಾಗಿ ಎಲ್ಲಿಯೂ ಅಲೆಯಬೇಕಾಗಲಿಲ್ಲ. ಚಳಿಗಾಲದಲ್ಲಿ ಚಪ್ಪಲಿಯೊಡನೆ ತೊಡಲೆಂದು ನಮ್ಮ ಹೆಣ್ಣುಮಕ್ಕಳಿಗೆ ಮಾರುವ, ಹೆಬ್ಬೆರಳು ಸೀಳಿದ ಕಾಲುಚೀಲ ಇದೇ ತಾನೆ!

ಮೂರು ಶಾಕುವಿನ ವಸ್ತ್ರ

ಮುಸುಕಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಶಿನೊಬಿ ಹೊರಡುವಾಗ ಒಯ್ಯಬೇಕಾದ ಆರು ಸಾಮಾನುಗಳನ್ನು ‘ಶೋನಿಂಕಿ’ ಹೆಸರಿಸುತ್ತದೆ. ಹೆಣೆದ ಟೋಪಿ, ಕೊಕ್ಕೆಯುಳ್ಳ ಹಗ್ಗ, ಬಳಪ, ಮದ್ದು, ಬೆಂಕಿಯ ಕೊಳವೆ, ಮೂರು ಶಾಕು ಉದ್ದದ ಒಂದು ವಸ್ತ್ರ. ಈ ಪಟ್ಟಿಯಲ್ಲಿಯೂ ಕತ್ತಿಯಿಲ್ಲ, ನಕ್ಷತ್ರಾಕಾರದ ಎಸೆಯುವ ಆಯುಧವಿಲ್ಲ. ಇರುವುದೆಲ್ಲ ಯಾವ ದಾರಿಹೋಕನ ಗಂಟಿನಲ್ಲಿಯೂ ಸಿಕ್ಕಬಹುದಾದ ವಸ್ತುಗಳೇ. ಬಟ್ಟೆಯಳತೆಯ ಶಾಕು ಸುಮಾರು 38 ಸೆಂಟಿಮೀಟರು. ಆ ಲೆಕ್ಕದಲ್ಲಿ ಮೂರು ಶಾಕು ಎಂದರೆ ಒಂದು ಮೀಟರಿಗೆ ಸ್ವಲ್ಪ ಹೆಚ್ಚು. ನಮ್ಮ ರೈತನ ಹೆಗಲ ಮೇಲಿನ ವಲ್ಲಿಯ ಹಾಗೆ ಅದಕ್ಕೆ ನೂರು ಉಪಯೋಗ. ಬೆವರೊರಸಬಹುದು, ಗಾಯ ಕಟ್ಟಬಹುದು, ನೀರು ಸೋಸಬಹುದು, ಬೇಕಾದಾಗ ಮುಖ ಮರೆಸಬಹುದು.

ನನ್ನ ವಿದ್ಯಾರ್ಥಿನಿ ಅಂಥ ಎರಡು ವಸ್ತ್ರಗಳನ್ನು ಅಂಚು ಮಡಿಸಿ ಸಿದ್ಧಪಡಿಸಿದಳು. ಒಂದು ಮೂಗು ಬಾಯಿಗಳ ಮೇಲೆ ಹಾಯ್ದು ಹಿಂದಲೆಯಲ್ಲಿ ಗಂಟಾಗುತ್ತದೆ. ಇನ್ನೊಂದು ಹಣೆಯನ್ನೂ ನೆತ್ತಿಯನ್ನೂ ಮುಚ್ಚಿ ಗಲ್ಲದ ಕೆಳಗೆ ಹೆಣೆದು ಕುತ್ತಿಗೆಯ ಹಿಂದೆ ಗಂಟಾಗುತ್ತದೆ. ಆಕೆಗೆ ಕನ್ನಡಕವಿದೆ. ಮುಸುಕಿನೊಳಗಿನ ಉಸಿರು ಮೇಲೇರಿ ಗಾಜು ಮಂಜಾಗತೊಡಗಿತು. 2020ರ ಸಾಂಕ್ರಾಮಿಕದ ದಿನಗಳಲ್ಲಿ ಮುಖಗವಸು ತೊಟ್ಟ ಕನ್ನಡಕದವರೆಲ್ಲ ಅನುಭವಿಸಿದ ತೊಂದರೆಯೇ ಇದು, ಉಪಾಯವೂ ಅಲ್ಲಿಯದೇ. ವಸ್ತ್ರದ ಮೇಲಂಚಿನೊಳಗೆ ಮೆತುವಾದ ತಂತಿಯೊಂದನ್ನಿಟ್ಟು ಹೊಲಿದು, ಮೂಗಿನ ಏಣಿಗೆ ಸರಿಯಾಗಿ ಒತ್ತಿದಳು. ಗಾಜು ತಿಳಿಯಾಯಿತು.

ಆಯುಧದ ಮಾತು ಉಳಿಯಿತು. ಇಂಥ ಮೇಳಗಳಲ್ಲಿ ಲೋಹದ ಅಲಗಿಗೆ ಪ್ರವೇಶವಿಲ್ಲ. ರಟ್ಟಿನದೋ ಫೋಮಿನದೋ ಆಗಿರಬೇಕು, ಬಾಗಿಲಲ್ಲಿ ತೋರಿಸಿ ಒಳಹೋಗಬೇಕು. ಚಲಚ್ಚಿತ್ರದ ನಿಂಜಾ ಬೆನ್ನಿಗೆ ಕಟ್ಟುವ ನೇರವಾದ ಕತ್ತಿಗೆ ಹಳೆಯ ಕಾಲದ ಆಧಾರವಿಲ್ಲವಾದುದರಿಂದ ಆಕೆ ಅದನ್ನು ಕೈಬಿಟ್ಟು, ಸೊಂಟಕ್ಕೆ ಒಂದು ಸುರುಳಿ ಹಗ್ಗವನ್ನು ಮಾತ್ರ ಕಟ್ಟಿಕೊಂಡಳು. ಪಾಂಡವರೂ ಆಯುಧಗಳನ್ನು ಬನ್ನಿಯ ಮರದಲ್ಲಿಟ್ಟೇ ವಿರಾಟನಗರವನ್ನು ಹೊಕ್ಕರು. ವೇಷ ನಂಬಿಸಬೇಕಾದರೆ ಕೈ ಬರಿದಾಗಿರಬೇಕೆಂಬುದನ್ನು ಅವರೂ ಬಲ್ಲವರೇ.

ಮೇಳದಲ್ಲಿ

ಮೇಳದ ವೃತ್ತಾಂತವನ್ನು ನಾನು ಕಣ್ಣಾರೆ ಕಂಡವನಲ್ಲ. ಆಕೆಯೇ ಬಂದು ಹೇಳಿದುದು. ಬಣ್ಣ ಬಣ್ಣದ ವೀರರೂ ದೈತ್ಯರೂ ತುಂಬಿದ್ದ ಆ ಜಂಗುಳಿಯಲ್ಲಿ ಮೊದಲ ಒಂದು ಗಂಟೆ ಆಕೆಯನ್ನು ಯಾರೂ ನಿಲ್ಲಿಸಲಿಲ್ಲವಂತೆ. ಕಡೆಗೆ ಒಬ್ಬ ಹುಡುಗ, “ಅಕ್ಕಾ, ನೀವು ನಿಂಜಾ ಅಲ್ವಾ? ಯಾವ ನಿಂಜಾ?” ಎಂದು ಕೇಳಿದನಂತೆ. ಹೆಸರುಳ್ಳ ಪಾತ್ರ ಆಕೆಯದಲ್ಲ. ಆಗ ಆಕೆ ಮುಖದ ಗಂಟನ್ನು ಬಿಚ್ಚಿ, ಅದೇ ವಸ್ತ್ರವನ್ನು ಹೊಲದ ಹೆಂಗಸರು ಕಟ್ಟುವಂತೆ ತಲೆಗೆ ಕಟ್ಟಿಕೊಂಡು, ಹಗ್ಗವನ್ನು ಹುಲ್ಲುಹೊರೆಯ ಹಗ್ಗದಂತೆ ಹೆಗಲಿಗೇರಿಸಿ, ಬೆನ್ನು ಸ್ವಲ್ಪ ಬಾಗಿಸಿ ನಡೆದು ತೋರಿಸಿದಳು. “ಮೊದಲು ನೋಡಿದ್ದು ನಾಟಕದ ನಿಂಜಾ, ಈಗ ನೋಡ್ತಿರೋದು ಇಗಾ ಊರಿನ ನಿಂಜಾ” ಎಂದಳು. ಹುಡುಗ ಇನ್ನೊಮ್ಮೆ ಮಾಡಿ ತೋರಿಸಿ ಎಂದನಂತೆ. ಅವನ ಸುತ್ತ ಇನ್ನೂ ಕೆಲವರು ನಿಂತರಂತೆ. ಅರ್ಧ ದನಿಯ ಹುಡುಗಿ ಅಷ್ಟು ಜನಕ್ಕೆ ಏಳು ವೇಷಗಳ ಕಥೆಯನ್ನು ಹೇಳಿದಳು. ಬಹುಮಾನವೇನೂ ಬರಲಿಲ್ಲ. ಉಡುಪು ಹೊಲಿದವರು ಯಾರೆಂದು ಕೇಳಿದವರಿಗೆಲ್ಲ, “ನಮ್ಮಮ್ಮ, ನಾನು” ಎಂದು ಹೇಳಿದುದನ್ನು ಮಾತ್ರ ನನಗೆ ಎರಡು ಸಲ ತಿಳಿಸಿದಳು.

ಲೋಕಧರ್ಮಿ, ನಾಟ್ಯಧರ್ಮಿ ಎಂಬ ಮಾತುಗಳನ್ನು ನಾನು ಹಲವು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಅವೆರಡರ ನಡುವೆ ಇರುವುದು ಒಂದು ಗಂಟು ಮಾತ್ರ, ಬಿಚ್ಚಿದರೆ ಅದು, ಕಟ್ಟಿದರೆ ಇದು ಎಂದು ಇಷ್ಟು ಸರಳವಾಗಿ ತೋರಿಸುವ ಉದಾಹರಣೆ ನನಗೆ ದೊರೆತಿರಲಿಲ್ಲ.

ಇಂದಿನ ಇಗಾ ಪಟ್ಟಣದಲ್ಲಿ ವಸಂತಕಾಲದ ನಿಂಜಾ ಉತ್ಸವದ ದಿನಗಳಲ್ಲಿ ಮಕ್ಕಳೂ ದೊಡ್ಡವರೂ ಬಣ್ಣ ಬಣ್ಣದ ನಿಂಜಾ ಉಡುಪು ತೊಟ್ಟು ಬೀದಿಯಲ್ಲಿ ತಿರುಗುತ್ತಾರೆ. ಮಿಯೆ ವಿಶ್ವವಿದ್ಯಾನಿಲಯದಲ್ಲಿ 2017ರಿಂದ ಈ ವಿಷಯದ ಅಧ್ಯಯನ ಕೇಂದ್ರವೊಂದು ನಡೆಯುತ್ತಿದೆ. ಹೈಕು ಕವಿ ಬಾಶೊ 1644ರಲ್ಲಿ ಹುಟ್ಟಿದುದೂ ಇದೇ ಇಗಾ ಸೀಮೆಯಲ್ಲಿ. ಅವನೂ ಬೇಹುಗಾರನಾಗಿದ್ದನೆಂದು ಆಧಾರವಿಲ್ಲದ ಕಥೆ ಕಟ್ಟಿ ಜನ ಸಂತೋಷಪಡುತ್ತಾರೆ. ಸಂತೋಷಪಡಲಿ. ಆದರೆ 1581ರಲ್ಲಿ ಸುಟ್ಟುಹೋದ ಹಳ್ಳಿಗಳವರು ಗುಡ್ಡದ ತಪ್ಪಲಿನಲ್ಲಿ ಗದ್ದೆ ಮಾಡಿಕೊಂಡಿದ್ದ ಬಡ ಜನ. ಅವರಲ್ಲಿ ಬಹುಮಂದಿಯ ಹೆಸರು ಯಾವ ಗ್ರಂಥದಲ್ಲಿಯೂ ಉಳಿದಿಲ್ಲ. ರಂಗಭೂಮಿ ಹೊದಿಸಿದ ಕಪ್ಪು ಮುಸುಕು ಅವರಿಗೆ ಜಗತ್ಪ್ರಸಿದ್ಧಿಯನ್ನು ಕೊಟ್ಟಿತು. ಮುಖವನ್ನು ಮಾತ್ರ ಮರೆಸಿತು.

‘ಶಿನೊಬಿ’ಯ ಲಿಪಿಚಿಹ್ನೆಯಲ್ಲಿ ಮೇಲೆ ಕತ್ತಿಯ ಅಲಗು, ಕೆಳಗೆ ಹೃದಯ ಇವೆ. ಅಡಗುವುದೆಂಬುದು ಅದಕ್ಕಿರುವ ಒಂದು ಅರ್ಥ, ತಾಳಿಕೊಳ್ಳುವುದೆಂಬುದು ಇನ್ನೊಂದು. ತಾಳಿದವನು ಬಾಳಿಯಾನು ಎಂದು ನಮ್ಮ ಗಾದೆ ಹೇಳುತ್ತದೆ. ಆರು ಮೀಟರು ಬಟ್ಟೆಯನ್ನು ನೆನೆಸಿ, ಒಣಗಿಸಿ, ಅಳೆದು, ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯುವ ಹೊಸಬರಿಗೆ ಎರಡನೆಯ ಅರ್ಥ ತಾನಾಗಿಯೇ ತಿಳಿಯುತ್ತದೆ. ಅಷ್ಟು ತಾಳಿಕೊಂಡು ಹೊಲಿದವರು, ತೊಡುವ ಮುನ್ನ ಒಮ್ಮೆ ಆ ಅಂಗಿಯನ್ನು ಮುಸುಕಿಲ್ಲದೆ ಗೂಟಕ್ಕೆ ತೂಗುಹಾಕಿ ನೋಡಬೇಕು. ಅಲ್ಲಿ ತೂಗುವುದು ಒಬ್ಬ ರೈತನ ಅಂಗಿ.